ಒಂದು ಹನಿಯೂ ಬೀಳದ ಪಂಪು

ಹಣಮಂತ ನೀರಿನ ಟಾಕಿಯ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮರುದಿನ ಬೆಳಿಗ್ಗೆ ಐದೂವರೆಗೆ ಪಂಪಿನ ಕೋಣೆಯ ಬಾಗಿಲು ತೆರೆದವಳು ಅವನ ಹೆಂಡತಿ ನೀಲಾಬಾಯಿ. ತೆರೆ ಎಂದು ಯಾರೂ ಹೇಳಿರಲಿಲ್ಲ. ಹದಿನಾಲ್ಕು ಮಹಡಿಗೆ ಆ ಹೊತ್ತಿಗೆ ನೀರು ಏರಬೇಕು, ಏರಿಸುವವನು ಆಸ್ಪತ್ರೆಯಲ್ಲಿ ಮಲಗಿದ್ದಾನೆ, ಕೀಲಿ ಗೋಡೆಯ ಮೊಳೆಗೆ ತೂಗುತ್ತಿದೆ. ಅವಳಿಗೆ ಅಷ್ಟು ಸಾಕಾಗಿತ್ತು. ಹತ್ತೊಂಬತ್ತು ವರ್ಷ ಪಂಪಿನ ಕೋಣೆಗೆ ಅಂಟಿಕೊಂಡ ಖೋಲಿಯಲ್ಲೇ ಸಂಸಾರ ಮಾಡಿದವಳು. ಮೋಟಾರಿನ ಸದ್ದು ಅವಳಿಗೆ ಗಂಡನ ಗೊರಕೆಯಷ್ಟೇ ಪರಿಚಿತ.

ಮುಂಬೈಯ ಪರೇಲಿನ ಆ ಹೌಸಿಂಗ್ ಸೊಸೈಟಿಯವರು ಮೊದಲ ದಿನ ಸುಮ್ಮನಿದ್ದರು. ಎರಡನೇ ದಿನವೂ ನೀರು ಬಂದದ್ದರಿಂದ ಸುಮ್ಮನಿದ್ದರು. ಆಮೇಲೆ ಸೆಕ್ರೆಟರಿ ಸತ್ಯಮೂರ್ತಿಯವರು ಕೆಳಗಿಳಿದು ಬಂದು, ತಿಂಗಳ ಕೊನೆಯ ಭಾನುವಾರ ಮೀಟಿಂಗ್ ಇದೆ, ಅಲ್ಲಿವರೆಗೆ ನೀವೇ ನಡೆಸಿ, ಆಮೇಲೆ ನೋಡೋಣ ಎಂದರು. ‘ನೋಡೋಣ’ ಎಂದರೆ ಏನೆಂಬುದನ್ನು ವಾಚ್‌ಮನ್ ಹೇಳಿದ. ಅಂಧೇರಿಯ ಒಂದು ಏಜೆನ್ಸಿ ಪಂಪು, ಲಿಫ್ಟು, ಕಸ ಎಲ್ಲವನ್ನೂ ಒಟ್ಟಿಗೆ ನೋಡಿಕೊಳ್ಳುತ್ತೇನೆ ಎಂದು ಮುಂದೆ ಬಂದಿದೆಯಂತೆ. ಏಜೆನ್ಸಿ ಬಂದರೆ ಅವರ ಆಳು ಬರುತ್ತಾನೆ, ಆಳು ಬಂದರೆ ಖೋಲಿ ಅವನದು. ಸೊಂಟಕ್ಕೆ ಲೋಹದ ಸಳಿ ಹಾಕಿಸಿಕೊಂಡು ಗೋಡೆ ಹಿಡಿದು ನಡೆಯುವ ಗಂಡನನ್ನು ಕರೆದುಕೊಂಡು ಹೋಗುವುದಾದರೂ ಎಲ್ಲಿಗೆ? ನೀಲಾಬಾಯಿ ಇದನ್ನು ಹಣಮಂತನಿಗೆ ಹೇಳಲಿಲ್ಲ. ಅವನಿಗೂ ಗೊತ್ತಿತ್ತು, ಅವನೂ ಹೇಳಲಿಲ್ಲ.

ಅವಳು ಕೆಲಸವನ್ನು ತನ್ನ ರೀತಿಯಲ್ಲಿ ಹಿಡಿದಳು. ಮೂರು ಮನೆಗಳಿಗೆ ಚಪಾತಿ ಮಾಡಿಕೊಡುತ್ತಿದ್ದವಳು, ಒಲೆಯ ಕಟ್ಟೆ ಒರೆಸದೆ ಯಾವ ಮನೆಯನ್ನೂ ಬಿಟ್ಟವಳಲ್ಲ. ಪಂಪಿನ ಕೋಣೆಯನ್ನು ಕೆರೆದು ತೊಳೆದಳು, ಗೋಡೆಗೆ ಸುಣ್ಣ ಬಳಿದಳು. ಒಂದು ಮಾತ್ರ ಅವಳ ಕಣ್ಣು ಚುಚ್ಚುತ್ತಿತ್ತು. ಮೋಟಾರು ಮತ್ತು ಪಂಪು ಸೇರುವ ಕುತ್ತಿಗೆಯ ಜಾಗದಿಂದ ಸದಾ ನೀರು ತೊಟ್ಟಿಕ್ಕುತ್ತಿತ್ತು. ಹಣಮಂತ ಅದರ ಕೆಳಗೆ ಒಂದು ತಂಬಿಗೆ ಇಟ್ಟು ಹತ್ತೊಂಬತ್ತು ವರ್ಷ ಹಾಗೇ ಬಿಟ್ಟಿದ್ದ. ನೀಲಾಬಾಯಿ ಹುಟ್ಟಿದ್ದು ಸಿಂದಗಿ ಕಡೆಯ ಹಳ್ಳಿಯಲ್ಲಾದರೂ ಬೆಳೆದದ್ದೆಲ್ಲ ಇದೇ ಪರೇಲಿನ ಚಾಳಿನಲ್ಲಿ. ಇಪ್ಪತ್ತೆರಡು ಖೋಲಿಗೆ ಒಂದೇ ನಲ್ಲಿ. ಸೋರುವ ನಲ್ಲಿಯ ಕೆಳಗೆ ಅವಳ ಅವ್ವ ವಾಟಿ ಇಟ್ಟು ಹನಿ ಕೂಡಿಸುತ್ತಿದ್ದಳು. ಅಂಥವಳ ಮಗಳು ಹನಿ ಪೋಲಾಗುವುದನ್ನು ನೋಡಿ ಹೇಗೆ ಸುಮ್ಮನಿದ್ದಾಳು? ಕುತ್ತಿಗೆಯ ಎರಡು ಬದಿಗಿದ್ದ ನಟ್ಟುಗಳಿಗೆ ಪಾನಾ ಹಾಕಿ ಒಂದಿಷ್ಟು ಬಿಗಿದಳು. ಹನಿ ಕಡಿಮೆಯಾಯಿತು. ಮರುದಿನ ಇನ್ನೊಂದಿಷ್ಟು. ಮೂರನೇ ವಾರದ ಹೊತ್ತಿಗೆ ನೆಲ ಒಣಗಿತ್ತು. ಸತ್ಯಮೂರ್ತಿಯವರು ನೋಡಿ ಫೋಟೋ ತೆಗೆದು, ‘ಒಂದು ಹನಿಯೂ ಪೋಲಿಲ್ಲ’ ಎಂದು ಸೊಸೈಟಿಯ ಗ್ರೂಪಿಗೆ ಹಾಕಿದರು.

ಮರುವಾರದ ಸೋಮವಾರ, ಮೀಟಿಂಗಿಗೆ ಆರು ದಿನ ಇರುವಾಗ, ಪಂಪು ನಿಂತಿತು.

ಗೋಡೆಯ ಮೇಲಿನ ಹಸಿರು ಡಬ್ಬಿಗೆ ಪ್ಯಾನೆಲ್ ಎನ್ನುತ್ತಾರೆ. ಅದರೊಳಗಿರುವ ಕಂಟ್ರೋಲರು ಮೋಟಾರು ಎಷ್ಟು ಕರೆಂಟು ಎಳೆಯುತ್ತಿದೆ ಎಂದು ನೋಡುತ್ತಲೇ ಇರುತ್ತದೆ, ಅಂಕಿಯಲ್ಲಿ ತೋರಿಸುತ್ತದೆ. ಹನ್ನೊಂದು ಆಂಪ್ಸ್ ಮೀರಿ ಸ್ವಲ್ಪ ಹೊತ್ತಾದರೆ, ಮೋಟಾರು ಸುಡುವ ಮೊದಲೇ ತಾನೇ ನಿಲ್ಲಿಸಿ ಕೆಂಪು ದೀಪ ಹಚ್ಚುತ್ತದೆ. ಪಕ್ಕದಲ್ಲಿ ಕೀಲಿ ಹಾಕಿ ತಿರುಗಿಸುವ ಒಂದು ಸ್ವಿಚ್ಚು ಇದೆ. ಅದನ್ನು ಬೈಪಾಸಿಗೆ ತಿರುಗಿಸಿದರೆ ಕರೆಂಟು ಕಂಟ್ರೋಲರಿನ ತಂಟೆಗೆ ಹೋಗದೆ ಸೀದಾ ಮೋಟಾರಿಗೆ ಹೋಗುತ್ತದೆ. ಕಂಟ್ರೋಲರು ಕೆಟ್ಟ ದಿನ ಜನ ನೀರಿಲ್ಲದೆ ಕೂರಬಾರದು ಎಂದು ಇಟ್ಟ ದಾರಿ ಅದು. ಆ ದಾರಿಯಲ್ಲಿ ಕಾವಲಿಗೆ ಯಾರೂ ಇಲ್ಲ.

ಪಂಪು ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಕೆಂಪು ದೀಪ ಹತ್ತಿತು. ನೀಲಾಬಾಯಿ ಹಣಮಂತ ಕಲಿಸಿದಂತೆ ಹತ್ತು ನಿಮಿಷ ಕಾದು ರೀಸೆಟ್ ಒತ್ತಿದಳು. ಮತ್ತೆ ಹದಿನೈದು ನಿಮಿಷಕ್ಕೆ ನಿಂತಿತು. ಎಂಟು ಗಂಟೆಗೆ ಮುಗಿಯಬೇಕಾದ ಕೆಲಸ ಹತ್ತಾದರೂ ಮುಗಿಯಲಿಲ್ಲ. ಮೇಲಿನ ನಾಲ್ಕು ಮಹಡಿಗಳ ನಲ್ಲಿ ಒಣಗಿದವು. ಎರಡನೇ ಪಂಪು ಎಂಬುದೊಂದಿತ್ತು, ಆದರೆ ಅದು ಎರಡು ವರ್ಷದ ಹಿಂದೆಯೇ ಸುಟ್ಟು ಮೂಲೆಯಲ್ಲಿ ಗೋಣಿತಟ್ಟು ಹೊದ್ದು ಕೂತಿತ್ತು.

ಮಂಗಳವಾರ ಗ್ರಾಂಟ್ ರೋಡಿನಿಂದ ದೇವಾನಂದ ಬಂದ. ಅಲ್ಲಿ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಅವನದು. ಹಣಮಂತನ ಊರಿನ ಕಡೆಯವನು, ನೀಲಾಬಾಯಿಯನ್ನು ಅತ್ತಿಗೆಯಂತೆ ವೈನಿ ಎನ್ನುತ್ತಾನೆ. ಅವನು ಬಂದಾಗ ಹನ್ನೊಂದು ಗಂಟೆ, ಪಂಪು ಆಗಲೇ ತಣ್ಣಗಾಗಿತ್ತು. ಐದು ನಿಮಿಷ ಓಡಿಸಿ, ತಂತಿಗೆ ಮೀಟರು ಕಚ್ಚಿಸಿ ನೋಡಿದ. ಹತ್ತೂವರೆ ಆಂಪ್ಸ್ ತೋರಿಸಿತು. ವೋಲ್ಟೇಜ್ ಸರಿಯಾಗಿದೆ, ಮೋಟಾರು ಹಳೆಯದಾಗಿದೆ, ಒಳಗೆ ತಂತಿ ಸುತ್ತಿಸಬೇಕು, ಅದಕ್ಕೆ ನಾಲ್ಕು ದಿನ ಬೇಕು ಎಂದ.

“ನಾಲ್ಕ ದಿನ ನೀರು?” ನೀಲಾಬಾಯಿ ಕೇಳಿದಳು.

“ಮೀಟಿಂಗ್ ಮುಗಿಯೂತನಕ ಬೈಪಾಸಿಗೆ ಹಾಕಿ ಓಡಸ್ರಿ ವೈನಿ. ಮುಂಬೈದಾಗ ಅರ್ಧಾ ಬಿಲ್ಡಿಂಗ್ ಹಂಗ ಓಡಾಕತ್ತಾವು. ಆಮ್ಯಾಲ ನಾ ಬಿಚ್ಕೊಂಡ ಒಯ್ತೀನಿ.”

ಅವನು ಕೆಟ್ಟವನಲ್ಲ. ಅವಳ ಖೋಲಿ ಉಳಿಯಲಿ ಎಂದೇ ಹೇಳಿದ್ದ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಇದನ್ನು ಗಂಡನಿಗೆ ಹೇಳಿದಳು. ಹಣಮಂತ ತುತ್ತು ಕೈಯಲ್ಲಿ ಹಿಡಿದೇ ಕೂತ. ಆಮೇಲೆ ಮೂಲೆಯ ಗೋಣಿತಟ್ಟಿನ ಕಥೆ ಹೊರಬಂತು. ಎರಡು ವರ್ಷದ ಹಿಂದೆ ಆ ಪಂಪು ಹೀಗೇ ಟ್ರಿಪ್ ಆಗುತ್ತಿತ್ತು. ಮೇಲಿನವರು ಬೈಯುತ್ತಿದ್ದರು. ಇವನು ಬೈಪಾಸಿಗೆ ತಿರುಗಿಸಿ ಚಹಾ ಕುಡಿಯಲು ಹೋದ. ಬರುವಷ್ಟರಲ್ಲಿ ಕೋಣೆ ತುಂಬ ಹೊಗೆ. ಸೊಸೈಟಿಗೆ ವೋಲ್ಟೇಜಿನಿಂದ ಸುಟ್ಟಿತು ಎಂದು ಹೇಳಿದ. ಹೆಂಡತಿಗೂ ಅದನ್ನೇ ಹೇಳಿದ್ದ.

ನೀಲಾಬಾಯಿ ಬೈಯಲಿಲ್ಲ. ತಾಟು ಎತ್ತಿ ತೊಳೆದಿಟ್ಟು ಬಂದು ಒಂದೇ ಮಾತು ಹೇಳಿದಳು.

“ಇದನ್ನ ನಾ ಸುಡಗೊಡೂದಿಲ್ಲ.”

ಬುಧವಾರದಿಂದ ಅವಳ ಕ್ರಮ ಬದಲಾಯಿತು. ಹದಿನೈದು ನಿಮಿಷ ಓಡಿಸುವುದು, ಕಂಟ್ರೋಲರು ನಿಲ್ಲಿಸುವ ಮೊದಲೇ ತಾನೇ ನಿಲ್ಲಿಸುವುದು, ಇಪ್ಪತ್ತೈದು ನಿಮಿಷ ಬಿಡುವು, ಮತ್ತೆ ಹದಿನೈದು. ಬಿಡುವಿನಲ್ಲಿ ಒಂದೊಂದು ಮಹಡಿಗೆ ಹೋಗಿ ಬಾಗಿಲು ಬಡಿದು, ನಿಮಗೆ ಇಷ್ಟು ಗಂಟೆಗೆ ನೀರು ಬರುತ್ತದೆ, ಎರಡು ಬಕೀಟು ತುಂಬಿಟ್ಟುಕೊಳ್ಳಿ ಎಂದು ಹೇಳಿ ಬರುತ್ತಿದ್ದಳು. ಕೆಲವರು ತಲೆಯಾಡಿಸಿದರು. ಏಜೆನ್ಸಿ ಬಂದರೆ ಈ ತಾಪತ್ರಯ ಇರುವುದಿಲ್ಲ ಎಂದು ಅವಳಿಗೆ ಕೇಳುವಂತೆಯೇ ಅಂದವರೂ ಇದ್ದರು.

ಗುರುವಾರ ಒಂಬತ್ತಕ್ಕೆ ಸತ್ಯಮೂರ್ತಿಯವರು ತಾವೇ ಇಳಿದು ಬಂದರು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿ ನಿವೃತ್ತರಾದ ಮೈಸೂರಿನವರು. ಕೋಪ ಬಂದಾಗಲೂ ಏಕವಚನ ಬಳಸುವವರಲ್ಲ.

“ನೋಡಿಮ್ಮ, ಬೆಳಗಿನಿಂದ ನನ್ನ ಫೋನು ಬಾಯಿ ಮುಚ್ಚಿಲ್ಲ. ಮೆಕ್ಯಾನಿಕ್ಕೇ ಬೈಪಾಸ್ ಹಾಕಿ ಅಂದಿದ್ದಾನಂತೆ. ನೀವು ಯಾಕೆ ಹಟ ಮಾಡ್ತೀರಿ?”

ಅವರ ಕೈ ಸ್ವಿಚ್ಚಿನ ಕಡೆ ಹೋಯಿತು. ನೀಲಾಬಾಯಿ ಅಡ್ಡ ನಿಲ್ಲಲಿಲ್ಲ. ಸೊಂಟದ ಕೀಲಿ ಬಿಚ್ಚಿ ಅವರ ಕೈಗೆ ಕೊಟ್ಟಳು. ಆಮೇಲೆ ಪ್ಯಾನೆಲಿನ ಬಾಗಿಲನ್ನು ಪೂರ್ತಿ ತೆರೆದಳು. ಒಳಬದಿಯಲ್ಲಿ ಕುಂಕುಮ, ವಿಭೂತಿಯ ಕಲೆಗಳ ನಡುವೆ ಪೆನ್ಸಿಲಿನಲ್ಲಿ ಬರೆದ ಹತ್ತು ವರ್ಷದ ಅಂಕಿಗಳ ಸಾಲಿತ್ತು. ಪ್ರತಿ ವರ್ಷ ಖಂಡೆ ಪೂಜೆಯ ದಿನ, ಪಾನಾ, ಸ್ಕ್ರೂಡ್ರೈವರು, ಪಂಪು ಎಲ್ಲಕ್ಕೂ ಹೂವೇರಿಸಿದ ಮೇಲೆ, ಹಣಮಂತ ಆ ವರ್ಷದ ಆಂಪ್ಸನ್ನು ಅಲ್ಲಿ ಬರೆಯುತ್ತಿದ್ದ. ಮೋಟಾರಿನ ಆರೋಗ್ಯ ದೇವರಿಗೆ ತಿಳಿಸಿದಂತೆ. ಒಂಬತ್ತೂವರೆ, ಒಂಬತ್ತು ಪಾಯಿಂಟ್ ನಾಲ್ಕು, ಒಂಬತ್ತು ಪಾಯಿಂಟ್ ಆರು. ಹೋದ ದಸರೆಗೂ ಒಂಬತ್ತು ಪಾಯಿಂಟ್ ಆರೇ.

“ಸಾಹೇಬ್ರ, ಹತ್ತ ವರ್ಷದಾಗ ಏರಿದ್ದು ಇಷ್ಟ. ಈ ವಾರ ಹನ್ನೆರಡಕ್ಕ ಹೋಗೈತಿ. ಹಳೇದಾದ ಮೋಟಾರ ಒಂದ ವಾರದಾಗ ಹಳೇದಾಗೂದಿಲ್ಲ. ಎಲ್ಲೋ ಏನೋ ಹಿಡ್ಕೊಂಡೈತಿ. ನಿಮಗ ಬೈಪಾಸ್ ಮಾಡೂದ ಇದ್ರ ಮಾಡ್ರಿ, ಕೀಲಿ ನಿಮ್ಮ ಕೈಯಾಗ ಐತಿ. ಖರೇ, ತಿರಿವಿದ್ದು ನೀವು ಅಂತ ಇಲ್ಲೆ ಈ ಅಂಕಿ ಕೆಳಗ ತಾರೀಖ ಹಾಕಿ ಸಹಿ ಮಾಡ್ರಿ.”

ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲು ತೆಗೆದು ಮುಂದೆ ಹಿಡಿದಳು.

ಓದದೆ ಸಹಿ ಹಾಕಬಾರದು ಎಂಬುದನ್ನು ಮೂವತ್ತೈದು ವರ್ಷ ಬೇರೆಯವರಿಗೆ ಹೇಳಿಕೊಟ್ಟ ಮನುಷ್ಯ. ಪೆನ್ಸಿಲು ನೋಡಿದರು, ಅಂಕಿಗಳನ್ನು ನೋಡಿದರು, ಕನ್ನಡಕ ತೆಗೆದು ಒರೆಸಿದರು. ಕೀಲಿಯನ್ನು ಮೋಟಾರಿನ ಮೇಲಿಟ್ಟು, ಭಾನುವಾರದೊಳಗೆ ಏನಾದರೂ ಮಾಡಿ, ಇಲ್ಲದಿದ್ದರೆ ಮೀಟಿಂಗಿನಲ್ಲಿ ನಾನು ನಿಮ್ಮ ಪರ ಮಾತಾಡಲಾರೆ ಎಂದು ಹೇಳಿ ಮೇಲೆ ಹೋದರು.

ಅವರು ಹೋದ ಮೇಲೆ ನೀಲಾಬಾಯಿ ಬಾಗಿಲ ಬಳಿಯ ಕಲ್ಲಿನ ಮೇಲೆ ಕೂತು ಯೋಚಿಸಿದಳು. ಶುರುವಿನಲ್ಲಿ ಹತ್ತೂವರೆ, ಹತ್ತು ನಿಮಿಷಕ್ಕೆ ಹನ್ನೊಂದೂವರೆ, ಆಮೇಲೆ ಹನ್ನೆರಡು. ಬಿಡುವು ಕೊಟ್ಟರೆ ಮತ್ತೆ ಹತ್ತೂವರೆ. ತಣ್ಣಗಿದ್ದಾಗ ಸರಿ, ಓಡುತ್ತ ಓಡುತ್ತ ಕೆಡುತ್ತದೆ. ಅಂದರೆ ಎಲ್ಲೋ ಬಿಸಿಯಾಗುತ್ತಿದೆ. ಎಲ್ಲಿ ಎಂಬುದನ್ನು ಮಾತ್ರ ಹುಡುಕಬೇಕು. ಹಣಮಂತ ಮೋಟಾರಿನ ಬೆನ್ನಿಗೆ ಅಂಗೈ ಇಟ್ಟು ಹತ್ತರವರೆಗೆ ಎಣಿಸುತ್ತಿದ್ದ. ಹತ್ತು ಎಣಿಸುವ ತನಕ ತಾಳಿದರೆ ಚಿಂತೆಯಿಲ್ಲ. ಅವಳೂ ನಾಲ್ಕು ದಿನದಿಂದ ಎಣಿಸಿದ್ದಳು. ಅಂಗೈ ತಾಳುತ್ತಿತ್ತು.

ಶುಕ್ರವಾರ ಅವಳು ಅಂಗೈ ಬಿಟ್ಟು ರೊಟ್ಟಿಯ ಲೆಕ್ಕ ಹಿಡಿದಳು. ಹಂಚು ಕಾದಿದೆಯೋ ಇಲ್ಲವೋ ಎಂದು ಯಾರೂ ಮುಟ್ಟಿ ನೋಡುವುದಿಲ್ಲ, ನೀರು ಚಿಮುಕಿಸಿ ನೋಡುತ್ತಾರೆ. ಹದಿಮೂರು ನಿಮಿಷ ಓಡಿದ ಮೇಲೆ ಪಂಪು ನಿಲ್ಲಿಸಿ, ಬಟ್ಟಲಲ್ಲಿ ನೀರು ಹಿಡಿದುಕೊಂಡು ಬೆರಳು ಅದ್ದಿ ಒಂದೊಂದು ಕಡೆ ಚಿಮುಕಿಸುತ್ತ ಬಂದಳು. ಮೋಟಾರಿನ ಬೆನ್ನ ಮೇಲೆ ಹನಿ ಹಾಗೇ ಕೂತಿತು. ಹಿಂದಿನ ಬೇರಿಂಗಿನ ಮೇಲೆ ಮೆಲ್ಲಗೆ ಜಾರಿತು. ಪಂಪಿನ ಹೊಟ್ಟೆ ತಣ್ಣಗಿತ್ತು. ಕುತ್ತಿಗೆಯ ಮೇಲೆ, ಅವಳು ಬಿಗಿದ ಎರಡು ನಟ್ಟುಗಳ ನಡುವೆ ಚಿಮುಕಿಸಿದ ಹನಿ ಚುಂಯ್ ಎಂದು ಹಾರಿಹೋಯಿತು. ಬಗ್ಗಿ ಮೂಸಿದಳು. ಸುಟ್ಟ ಹಗ್ಗದ ವಾಸನೆ.

ಖೋಲಿಗೆ ಹೋಗಿ ಹಣಮಂತನಿಗೆ ಹೇಳಿದಳು. ಅವನು ಮಂಚದ ಮೇಲೆ ಎದ್ದು ಕೂತ.

“ಅಲ್ಲಿಂದ ಹನಿ ಬೀಳತೈತೇನು?”

“ಒಂದ ಹನಿನೂ ಬೀಳೂದಿಲ್ಲ. ನಿಮ್ಮಂಗ ಬಿಡ್ತೀನೇನು ನಾ? ದಿನಾ ಪಾನಾ ಹಾಕಿ ಬಿಗದೀನಿ.”

ಹಣಮಂತ ದಿಂಬು ಸರಿಸಿ ಗೋಡೆಗೆ ಒರಗಿದ. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದ. ಆ ಕುತ್ತಿಗೆಗೆ ಗ್ಲ್ಯಾಂಡ್ ಎನ್ನುತ್ತಾರೆ. ತಿರುಗುವ ದಂಡದ ಸುತ್ತ ಅದರೊಳಗೆ ಎಣ್ಣೆ ಹಿಡಿದ ದಪ್ಪ ಹಗ್ಗ ಸುತ್ತಿರುತ್ತದೆ. ಒಂದೊಂದೇ ಹನಿ ನೀರು ಆ ಹಗ್ಗದೊಳಗಿಂದ ಹಾದು ಹೊರಗೆ ಬರುತ್ತಿರಬೇಕು. ಆ ನೀರೇ ಹಗ್ಗವನ್ನೂ ದಂಡವನ್ನೂ ತಣ್ಣಗಿಡುವುದು. ಬಿಗಿದು ಹನಿ ನಿಲ್ಲಿಸಿದರೆ ಹಗ್ಗ ದಂಡವನ್ನು ಕಚ್ಚಿ ಹಿಡಿಯುತ್ತದೆ, ಕಾದಷ್ಟೂ ಉಬ್ಬುತ್ತದೆ, ಉಬ್ಬಿದಷ್ಟೂ ಹಿಡಿಯುತ್ತದೆ. ಮೋಟಾರು ನೀರನ್ನೂ ಎತ್ತಬೇಕು, ಆ ಹಿಡಿತವನ್ನೂ ಎಳೆಯಬೇಕು.

“ಆ ಹನಿ ಪೋಲಾಗೂದಲ್ಲ ನೀಲಾ. ಅದು ಹಗ್ಗದ ಕೂಳು.”

“ಹತ್ತೊಂಬತ್ತ ವರ್ಷ ಆ ಹನಿ ಸಲುವಾಗಿ ನಿಮ್ಮನ್ನ ಬೈದ್ನೆಲ್ರೀ. ಒಮ್ಮೆರೆ ಹೇಳಬಾರದಿತ್ತೇನು?”

“ನೀ ಬೈಯೂದು ನಿಂದರಿಸಿದ್ದರ ಹೇಳ್ತಿದ್ದೆ.”

ಅವಳಿಗೆ ನಗು ಬರಲಿಲ್ಲ. ಪಾನಾ ತೆಗೆದುಕೊಂಡು ಹೋಗಿ ಪಂಪು ಶುರುಮಾಡಿ, ಎರಡೂ ನಟ್ಟುಗಳನ್ನು ಸಮ ಸಮ ಸಡಿಲಿಸಿದಳು. ಮೊದಲು ಕಪ್ಪು ನೀರು ಚಿಮ್ಮಿತು, ಆಮೇಲೆ ಸಣ್ಣ ಧಾರೆ. ಪ್ಯಾನೆಲಿನ ಅಂಕಿ ಅವಳ ಕಣ್ಣೆದುರೇ ಇಳಿಯಿತು. ಹನ್ನೊಂದೂವರೆ, ಹತ್ತು ಪಾಯಿಂಟ್ ಎಂಟು, ಹತ್ತು, ಒಂಬತ್ತು ಪಾಯಿಂಟ್ ಎಂಟು. ಅಲ್ಲಿ ನಿಂತಿತು. ಒಂದು ತಾಸು ಓಡಿದರೂ ಕೆಂಪು ದೀಪ ಹತ್ತಲಿಲ್ಲ.

ಶನಿವಾರ ದೇವಾನಂದ ಹೊಸ ಹಗ್ಗ ತಂದು ಹಳೆಯದನ್ನು ಕೊಕ್ಕೆಯಿಂದ ಎಳೆದು ತೆಗೆದ. ಇದ್ದಿಲಿನಂತೆ ಕಪ್ಪಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಅವನು ನಾಚಿಕೊಂಡ. ಗ್ಲ್ಯಾಂಡ್ ನೋಡದೆ ಮೋಟಾರು ಬಿಚ್ಚುವ ಮಾತಾಡಿದೆನಲ್ಲ ಎಂದ. ಆಮೇಲೆ ದನಿ ತಗ್ಗಿಸಿ, ಕಾರಣ ಯಾರೂ ಕೇಳುವುದಿಲ್ಲ ವೈನಿ, ಹಗ್ಗ ಹಳೆಯದಾಗಿತ್ತು ಎಂದರೆ ಮುಗಿಯಿತು ಎಂದ. ನೀಲಾಬಾಯಿ ಸುಟ್ಟ ಹಗ್ಗದ ತುಂಡುಗಳನ್ನು ಕಸಕ್ಕೆ ಹಾಕಗೊಡಲಿಲ್ಲ. ಹಳೆಯ ಪೇಪರಿನಲ್ಲಿ ಸುತ್ತಿ ಇಟ್ಟುಕೊಂಡಳು.

ಭಾನುವಾರ ಕೆಳಗಿನ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಮೀಟಿಂಗ್ ನಡೆಯಿತು. ಹಿಂದಿ, ಮರಾಠಿ, ನಡುವೆ ಗುಜರಾತಿ. ಏಜೆನ್ಸಿಯಿಂದ ತುಷಾರ್ ಎಂಬ ಹುಡುಗ ಬಂದಿದ್ದ, ಇಸ್ತ್ರಿ ಮಾಡಿದ ಶರಟು, ಕೈಯಲ್ಲಿ ಟ್ಯಾಬು. ಹಿಂದಿನ ಸಾಲಿನಲ್ಲಿ ವಾಕರ್ ಹಿಡಿದು ಹಣಮಂತ ಕೂತಿದ್ದ. ನೀಲಾಬಾಯಿಯ ಸರದಿ ಬಂದಾಗ ಅವಳು ಮೇಜಿನ ಮೇಲೆ ಪೇಪರು ಬಿಚ್ಚಿ ಕಪ್ಪು ಹಗ್ಗವನ್ನು ಹರವಿದಳು. ಪಂಪು ಒಂದು ವಾರ ಕಾಡಿದ್ದು ಇದರಿಂದ, ಇದನ್ನು ಸುಟ್ಟವಳು ನಾನು, ನೆಲ ಒಣಗಿರಲಿ ಎಂದು ಬಿಗಿದೆ ಎಂದು ತನ್ನ ಚಾಳಿನ ಮರಾಠಿಯಲ್ಲಿ ಹೇಳಿದಳು. ಇನ್ನು ಮೇಲೆ ಹನಿ ಬೀಳುತ್ತದೆ, ಅದನ್ನು ನೋಡಿ ಯಾರೂ ದೂರಬೇಡಿ. ಇನ್ನೊಂದು, ಬೈಪಾಸಿನ ದಾರಿಗೂ ಕರೆಂಟು ಮೀರಿದರೆ ತಾನೇ ನಿಲ್ಲಿಸುವ ಒಂದು ಓವರ್‌ಲೋಡ್ ರಿಲೇ ಹಾಕಿಸಿ. ಕಂಟ್ರೋಲರು ಕೆಟ್ಟ ದಿನವೂ ಮೋಟಾರಿಗೆ ಕಾವಲು ಬೇಕು.

ಸತ್ಯಮೂರ್ತಿಯವರು ನೆಲ ನೋಡುತ್ತಿದ್ದರು. ಒಣ ನೆಲದ ಫೋಟೋ ಹಾಕಿದವರು ಅವರೇ. ಆದರೆ ಉಳಿದವರಲ್ಲಿ ಗುಸುಗುಸು ಎದ್ದಿತು. ಒಪ್ಪಿಕೊಂಡಳಲ್ಲ, ಕಲಿತವರಿಗೆ ಕೊಡುವುದೇ ಮೇಲು ಎಂದರು ಒಬ್ಬರು. ಎರಡನೇ ಪಂಪೂ ಇವರ ಕೈಯಲ್ಲೇ ಹೋದದ್ದಲ್ಲವೇ ಎಂದರು ಇನ್ನೊಬ್ಬರು. ಅದು ವೋಲ್ಟೇಜಿನಿಂದ ಎಂದು ಯಾರೋ ನೆನಪಿಸಿದರು.

ನೀಲಾಬಾಯಿ ಗಂಡನ ಕಡೆ ತಿರುಗಿ ನೋಡಲಿಲ್ಲ. ಹಿಂದೆ ವಾಕರ್ ನೆಲಕ್ಕೆ ತಾಗಿದ ಸದ್ದಾಯಿತು. ಹಣಮಂತ ಎದ್ದು ನಿಂತಿದ್ದ. ವೋಲ್ಟೇಜ್ ಅಲ್ಲ, ಬೈಪಾಸಿಗೆ ಹಾಕಿ ಬಿಟ್ಟುಹೋದೆ, ಹೆದರಿ ಸುಳ್ಳು ಹೇಳಿದೆ ಎಂದ. ಅಷ್ಟು ಹೇಳಿ ಕೂತ. ಖೋಲಿ ಹೋಯಿತು ಎಂದುಕೊಂಡಳು ನೀಲಾಬಾಯಿ. ಆದರೂ ಹಗ್ಗವನ್ನು ಮೇಜಿನ ಮೇಲಿಂದ ತೆಗೆಯಲಿಲ್ಲ.

ಮುಂದಿನ ಸಾಲಿನಲ್ಲಿ ಅಮ್ಮಣ್ಣಿ ಕೂತಿದ್ದರು. ಹನ್ನೆರಡನೇ ಮಹಡಿಯವರು, ನೀಲಾಬಾಯಿ ಚಪಾತಿ ಮಾಡಿಕೊಡುವ ಮನೆ. ಆ ವಾರ ಎಲ್ಲರಿಗಿಂತ ಹೆಚ್ಚು ಬಕೀಟು ಹಿಡಿದವರೂ ಅವರೇ. ಅವರು ತುಷಾರನ ಕಡೆ ತಿರುಗಿದರು. ಅವನ ಮನೆಮಾತು ಕನ್ನಡ ಎಂದು ಆಗಲೇ ವಿಚಾರಿಸಿಕೊಂಡಿದ್ದರು.

“ಏನಪ್ಪಾ, ನಿಮ್ಮ ಕಡೆ ಪಂಪು ಟ್ರಿಪ್ ಆದ್ರೆ ಏನ್ ಮಾಡ್ತೀರಿ?”

“ಟೆನ್ಷನ್ನೇ ಇಲ್ಲ ಆಂಟಿ. ನಮ್ಮ ಸೈಟ್‌ನಲ್ಲಿ ಸೀದಾ ಬೈಪಾಸ್. ಒಂದು ಕಂಪ್ಲೇಂಟ್ ಬರಲ್ಲ.”

“ಮೋಟಾರು ಸುಟ್ಟುಹೋದ್ರೆ?”

ತುಷಾರ್ ಒಳ್ಳೆಯ ಹುಡುಗ, ಸುಳ್ಳು ಹೇಳುವ ಅಭ್ಯಾಸ ಇನ್ನೂ ಆಗಿರಲಿಲ್ಲ. “ಮೋಟಾರ್ ತೋ ಸೊಸೈಟಿದು ಅಲ್ವಾ ಆಂಟಿ” ಎಂದ.

ಅಮ್ಮಣ್ಣಿ ಇದನ್ನು ತಮ್ಮ ಹರಕು ಹಿಂದಿಯಲ್ಲಿ ಎಲ್ಲರಿಗೂ ಕೇಳುವಂತೆ ಅನುವಾದಿಸಿದರು. ಯಾರೋ ನಕ್ಕರು. ಆಮೇಲೆ ಬಹಳ ಹೊತ್ತು ವಾದ ನಡೆಯಿತು. ಕೊನೆಗೆ ಸತ್ಯಮೂರ್ತಿಯವರು ಎದ್ದು, ಬೈಪಾಸ್ ಮಾಡಿ ಎಂದು ಗುರುವಾರ ನಾನೇ ಹೇಳಿದ್ದೆ, ಈಕೆ ನನ್ನಿಂದ ಸಹಿ ಕೇಳಿದರು, ನಾನು ಹಾಕಲಿಲ್ಲ ಎಂದು ಒಪ್ಪಿಕೊಂಡ ಮೇಲೆ ಕೈಗಳು ಎದ್ದವು. ಹಣಮಂತನ ಹೆಸರು ಇನ್ನು ಕೆಲಸದಲ್ಲಿ ಇರುವುದಿಲ್ಲ, ಸೊಂಟ ಸರಿಯಾದರೂ ಇಲ್ಲ. ಪಂಪು ನೋಡಿಕೊಳ್ಳುವವಳು ನೀಲಾಬಾಯಿ. ಖೋಲಿಯೂ ಅವಳ ಹೆಸರಿಗೆ. ಹಣಮಂತ ತಲೆ ತಗ್ಗಿಸಿ ಕೇಳಿಸಿಕೊಂಡ. ಖೋಲಿಗೆ ಮರಳುವಾಗ ಅವನ ಹೆಜ್ಜೆಗೆ ತಕ್ಕಂತೆ ನೀಲಾಬಾಯಿ ನಿಧಾನವಾಗಿ ನಡೆದಳು.

ಬುಧವಾರ ದೇವಾನಂದ ಬಂದು ಬೈಪಾಸಿನ ದಾರಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ರಿಲೇ ಕೂಡಿಸಿದ. ಹನ್ನೊಂದು ಆಂಪ್ಸಿಗೆ ಅದರ ಮುಳ್ಳು ತಿರುಗಿಸುವಾಗ ನೀಲಾಬಾಯಿ ಪಕ್ಕದಲ್ಲೇ ನಿಂತು ನೋಡಿಕೊಂಡಳು. ಆಮೇಲೆ ಪಂಪು ಓಡಿಸಿದಳು. ಖಂಡೆ ಪೂಜೆಗೆ ಇನ್ನೂ ಮೂರು ತಿಂಗಳಿತ್ತು. ಆದರೂ ಪ್ಯಾನೆಲಿನ ಬಾಗಿಲು ತೆರೆದು, ಗಂಡನ ಅಂಕಿಗಳ ಕೆಳಗೆ ತನ್ನ ಕೈಯಿಂದ ಒಂಬತ್ತು ಪಾಯಿಂಟ್ ಆರು ಎಂದು ಬರೆದು ತಾರೀಖು ಹಾಕಿದಳು.

ಗ್ಲ್ಯಾಂಡಿನ ಕೆಳಗೆ ಹಣಮಂತನ ಹಳೆಯ ತಂಬಿಗೆ ಮತ್ತೆ ಬಂದಿತ್ತು. ಹನಿ ಬೀಳುವುದನ್ನು ಅವಳು ಗೋಡೆಯ ಗಡಿಯಾರ ನೋಡಿ ಎಣಿಸಿದಳು. ನಿಮಿಷಕ್ಕೆ ನಲವತ್ತು. ಪಂಪು ನಿಲ್ಲುವ ಹೊತ್ತಿಗೆ ಕೂಡಿದ ನೀರನ್ನು ಬಕೀಟಿಗೆ ಸುರಿದು, ಸೆರಗು ಸಿಕ್ಕಿಸಿ, ಲಿಫ್ಟಿನ ಮುಂದಿನ ನೆಲ ಒರೆಸಲು ಹೋದಳು.